ಬದನೆ ಎಲೆಯ ಕುಸುರಿ

ಚೆನ್ನಾಗಿ ಮಾಡಿದ ಕೆಲಸ ಎದುರಿಗಿದ್ದರೆ ನನಗೆ ಬೈಯಲು ಬಾಯಿ ಬರುವುದಿಲ್ಲ. ಅದು ಯಾರ ಕೆಲಸ, ಅದರಿಂದ ನನಗೆ ಒಳ್ಳೆಯದೋ ಕೆಟ್ಟದ್ದೋ ಎಂಬುದೆಲ್ಲ ಆಮೇಲೆ ಹೊಳೆಯುತ್ತದೆ. ಬಾಬುರಾಯನಕೊಪ್ಪಲಿನಲ್ಲಿ ಅಕ್ಕಸಾಲಿಯಾಗಿ ಇಷ್ಟು ವರ್ಷ ಕೂತು ಕಣ್ಣು ಹಾಗಾಗಿಬಿಟ್ಟಿದೆ. ಮದುವೆ ಮನೆಗೆ ಹೋದರೆ ಹೆಣ್ಣಿನ ಮುಖಕ್ಕಿಂತ ಮೊದಲು ಮೂಗುತಿ ನೋಡುತ್ತೇನೆ. ನನ್ನ ಮದುವೆಯಲ್ಲೂ ಹಾಗೇ ಮಾಡಿದೆನೆಂದು ನನ್ನ ಹೆಂಡತಿ ಸಿದ್ದಮ್ಮ ಈಗಲೂ ಹಂಗಿಸುತ್ತಾಳೆ. ಆ ಮೂಗುತಿಯ ಬೆಸುಗೆ ಸರಿಯಿರಲಿಲ್ಲ, ಅದು ಬೇರೆ ಮಾತು.

ಇಂಥವನು ತರಕಾರಿ ಬೆಳೆಯಲು ಹೊರಟದ್ದು ಶೋಕಿಗಲ್ಲ. ಪಟ್ಟಣದ ಕೋಟೆಗೆ ಮುತ್ತಿಗೆ ಬಿದ್ದು, ಯುದ್ಧ ಹೇಗೋ ನಿಂತು, ದಂಡು ಹಿಂದಕ್ಕೆ ಹೋದ ಮೇಲಿನ ಮಾತಿದು. ಒಡವೆ ಇದ್ದವರು ನೆಲದಲ್ಲಿ ಹೂತಿಟ್ಟಿದ್ದರು, ಇಲ್ಲದವರು ಮಾಡಿಸುವ ಯೋಚನೆಯನ್ನೇ ಬಿಟ್ಟಿದ್ದರು. ನನ್ನ ಅಗ್ಗಿಷ್ಟಿಕೆಯ ತಣ್ಣನೆಯ ಬೂದಿಯಲ್ಲಿ ಬೆಕ್ಕು ಮಲಗತೊಡಗಿತು. ಮನೆಯಲ್ಲಿ ಮುದ್ದೆಗೆ ರಾಗಿ ಇತ್ತು, ಸಾರಿಗೆ ಹಾಕಲು ಏನೂ ಇರಲಿಲ್ಲ. ಪಕ್ಕದ ಮನೆಯ ರೈತ ಮರೀಗೌಡರು ಬದನೆ ಸಸಿಗಳನ್ನು ತಂದುಕೊಟ್ಟರು. “ಇತ್ಲು ಸುಮ್ಕೆ ಬಿದ್ದದಲ್ಲಾ ಆಚಾರ್ರೇ, ನೆಡಿ. ಇದೇನು ಬೆಂಕೀಲಿ ಕಾಯ್ಸಿ ತಟ್ಟಬೇಕಾ? ನೀರು ಉಯ್ದ್ರೆ ತಾನೇ ಬತ್ತದೆ” ಎಂದರು.

ಬಂತು ಕೂಡ. ಗಿಡ ಮೊಣಕಾಲುದ್ದ ಬೆಳೆದು ನೇರಳೆ ಬಣ್ಣದ ಹೂ ಬಿಟ್ಟಾಗ ನಾನು ಮರೀಗೌಡರಿಗೇ ಬೇಸಾಯದ ಬುದ್ಧಿ ಹೇಳುವಷ್ಟು ಬೀಗಿದ್ದೆ. ಅಷ್ಟರಲ್ಲಿ ಒಂದು ಬೆಳಿಗ್ಗೆ ನೋಡಿದರೆ ಎಲೆಗಳ ಮೇಲೆಲ್ಲ ಗುಲಗಂಜಿ! ಚಿನ್ನ ತೂಗಲು ಇಟ್ಟುಕೊಂಡಿದ್ದ ನನ್ನ ಗುಲಗಂಜಿಯನ್ನು ಯಾರೋ ಹಿತ್ತಲಿಗೆ ಚೆಲ್ಲಿಬಿಟ್ಟರಲ್ಲ ಎಂದು ಗಾಬರಿಯಾಗಿ ಒಂದೊಂದನ್ನೇ ಆಯ್ದು ಅಂಗೈಗೆ ಹಾಕಿಕೊಂಡೆ. ಅಂಗೈಯಲ್ಲಿ ಅವು ನಡೆಯತೊಡಗಿದವು.

ಹುಳ! ಕೆಂಪು ಬೆನ್ನು, ಅದರ ಮೇಲೆ ಕಪ್ಪು ಚುಕ್ಕಿ, ಮೈಗೆಲ್ಲ ಒಪ್ಪ ಹಾಕಿದ ಹೊಳಪು. ಅವು ಕೂತಿದ್ದ ಎಲೆಯನ್ನು ತಿರುವಿ ನೋಡಿದೆ, ನೋಡುತ್ತಲೇ ನಿಂತೆ. ಒಂದು ನರವನ್ನೂ ತುಂಡು ಮಾಡದೆ, ನಡುವಿನ ಹಸುರನ್ನಷ್ಟೇ ಕೆರೆದು ತಿಂದು, ಎಲೆಯನ್ನು ಜಾಲರಿ ಮಾಡಿಟ್ಟಿದ್ದವು. ಬೆಳ್ಳಿ ತಂತಿಯಲ್ಲಿ ಅಂಥ ಕೆಲಸ ನನ್ನ ಅಪ್ಪನ ಕೈಯಲ್ಲೂ ಆಗುತ್ತಿರಲಿಲ್ಲ. “ಸಿದ್ದೀ, ಓಡಿ ಬಾ, ಈ ಕುಸುರಿ ನೋಡು!” ಎಂದು ಕೂಗಿದೆ. ಅವಳು ಬಂದಳು, ಎಲೆಯನ್ನು ನೋಡಿದಳು, ನನ್ನನ್ನೂ ನೋಡಿದಳು. “ಅವು ತಿಂತಾ ಇರಾದು ನಮ್ಮ ಸಾರ್ನ ಕಣ್ರೀ” ಎಂದಳು.

ಆಗ ನನಗೆ ಎಚ್ಚರವಾಯಿತು. ಒಡವೆಗೆ ಹರಳು ಕೂರಿಸುವ ಚಿಮಟ ತಂದು, ಎಲೆಯಡಿಯ ಹಳದಿ ಮರಿಹುಳಗಳನ್ನು ಒಂದೊಂದಾಗಿ ಹಿಡಿದು ತೆಗೆಯತೊಡಗಿದೆ. ಕೆಲಸ ಅಚ್ಚುಕಟ್ಟಾಗಿತ್ತು, ಆದರೆ ನಾನು ಒಂದು ಗಿಡ ಮುಗಿಸುವಷ್ಟರಲ್ಲಿ ಅವು ಪಕ್ಕದ ಗಿಡ ಮುಗಿಸುತ್ತಿದ್ದವು. ಬೂದಿ ಎರಚಿ ಎಂದರು ಮರೀಗೌಡರು. ಒಲೆಯಿಂದ ಮೊರದ ತುಂಬ ಬೂದಿ ತಂದು ಸುರಿದೆ. ಅದನ್ನು ಆರಿಸಿ ತರಬೇಕೆಂದು ಅವರು ಹೇಳಿರಲಿಲ್ಲ, ನನಗೂ ತೋಚಲಿಲ್ಲ. ಕೆಂಡ ಬಿದ್ದ ಗಿಡಗಳು ಅಲ್ಲೇ ಮುದುಡಿಕೊಂಡವು. ಮರೀಗೌಡರು ಬೇಲಿ ಹಿಡಿದುಕೊಂಡು ನಕ್ಕರು: “ಬದ್ನೆಕಾಯಿ ಸುಡೋರ ನೋಡಿವ್ನಿ, ಗಿಡಾನೇ ಸುಟ್ಟೋರ ಇವತ್ತೇ ನೋಡಿದ್ದು ಬುಡಿ!”

ತಣ್ಣನೆಯ ಬೂದಿ ಎರಚಿದರೆ ಅದು ಎಲೆಯ ಮೇಲೆ ಕೂರುತ್ತಿತ್ತು, ಹುಳ ಎಲೆಯ ಕೆಳಗೆ ನೆರಳಿನಲ್ಲಿ ಕೂರುತ್ತಿತ್ತು. ನಾನು ಕೈಚೆಲ್ಲಿದೆ. ಸಿದ್ದಮ್ಮ ಗಿಡಗಳ ನಡುವೆ ಕುಕ್ಕರಗಾಲಲ್ಲಿ ಕೂತು, “ಇದೂ ಓದ್ರೆ ಬಿಂಡಿಗನವಿಲೆಗೋಗಿ ಅಣ್ಣನ ಬಾಗ್ಲಲ್ಲಿ ನಿಂತ್ಕಬೇಕು. ನಾನಂತೂ ನಿಂತ್ಕಳಲ್ಲ” ಎಂದು ಎದ್ದು ಒಳಗೆ ಹೋದಳು. ಬರುವಾಗ ಅವಳ ಕೈಯಲ್ಲಿ ನನ್ನ ಊದುಗೊಳವೆ ಇತ್ತು.

ಅದು ತಾತನ ಕಾಲದ್ದು. ಹಬ್ಬದಲ್ಲಿ ಅದಕ್ಕೆ ಹೂವಿಟ್ಟು ಕೈಮುಗಿಯುತ್ತೇವೆ. ನನ್ನನ್ನು ಬಿಟ್ಟು ಇನ್ನಾರೂ ಅದಕ್ಕೆ ಬಾಯಿ ಹಚ್ಚಿದವರಿಲ್ಲ. “ಅದು ಬೆಸುಗೆಗೆ ಊದೋದು ಕಣೇ!” ಎಂದೆ.

“ನಾನೂ ಊದಕ್ಕೇ ತಂದಿರಾದು” ಎಂದಳು.

ಜರಡಿ ಹಿಡಿದ ಬೂದಿಯನ್ನು ಕೊಳವೆಗೆ ತುಂಬಿ, ಅದರ ಬಾಗಿದ ತುದಿಯನ್ನು ಎಲೆಯ ಕೆಳಗೆ ಹಿಡಿದು ಊದಿದಳು. ಬಗ್ಗಿ ನೋಡುತ್ತಿದ್ದ ನನ್ನ ಮೀಸೆಗೆ ಮೊದಲ ಪಾಲು ಬಂತು. ಕಣ್ಣೊರೆಸಿಕೊಂಡು ನೋಡಿದರೆ ಎಲೆಯ ಅಡಿಯೆಲ್ಲ ಬೆಳ್ಳಗೆ; ಹುಳಗಳು ತಡಬಡಾಯಿಸಿ ಪಟಪಟನೆ ನೆಲಕ್ಕೆ ಬೀಳುತ್ತಿದ್ದವು. ನಾನು ಬೆರಗಾದದ್ದು ಅದಕ್ಕಲ್ಲ, ಅವಳ ಉಸಿರಿಗೆ. ಭುಸ್ಸೆಂದು ಒಮ್ಮೆಗೇ ಬಿಡದೆ, ನೂಲು ಎಳೆದಂತೆ, ಸಣ್ಣಗೆ, ಕಡಿಯದೆ. ಬೆಸುಗೆಗೆ ಬೇಕಾದ ಉಸಿರು ಅದೇ. ಅದನ್ನು ಕಲಿಯಲು ನಾನು ಅಪ್ಪನ ಕೈಯಲ್ಲಿ ಎಷ್ಟು ಪೆಟ್ಟು ತಿಂದಿದ್ದೆ! ಇವಳು ಹಸಿ ಸೌದೆಯ ಒಲೆ ಊದಿ ಊದಿ ಕಲಿತಿದ್ದಳು. ನಾನು ಬೂದಿ ಜರಡಿ ಹಿಡಿಯಲು ಕೂತೆ.

ದಿನಾ ಬೆಳಿಗ್ಗೆ ಇಬ್ಬನಿ ಆರುವ ಮುಂಚೆ ಊದಿದಳು. ಎಲೆ ತಿರುವಿ ಮೊಟ್ಟೆಗಳನ್ನು ಉಜ್ಜಿ ಹಾಕಿದಳು. ಗಿಡಗಳು ಮೆಲ್ಲಗೆ ಚೇತರಿಸಿಕೊಂಡು ಹೊಸ ಎಲೆ ಬಿಟ್ಟವು, ಕಾಯಿ ಹಿಡಿದವು. ಕೆಲವು ಕಾಯಿ ಸೊಟ್ಟ, ಕೆಲವಕ್ಕೆ ತೂತು. ಆದರೂ ಆ ಕಾಯಿಯ ಸಾರಿಗೆ ಮರೀಗೌಡರೂ ಬಟ್ಟಲು ಹಿಡಿದು ಬಂದರು. ಉಂಡು ಹೋದವರು ಸುಮ್ಮನಿರಲಿಲ್ಲ, ಹೋದ ಸಂತೆಯಲ್ಲೆಲ್ಲ ಸಿದ್ದಮ್ಮನ ಸುದ್ದಿ ಹೇಳಿದರು.

ಆಮೇಲೊಂದು ದಿನ ಹಿರೋಡೆಯ ಕಡೆಯಿಂದ ಕಮಾನು ಗಾಡಿಯಲ್ಲಿ ದೊಡ್ಡ ಪೇಟದವರೊಬ್ಬರು ಬಂದಿಳಿದರು. ಕೊನೆಗೂ ಒಡವೆ ಮಾಡಿಸುವವರು ಬಂದರು ಎಂದು ನಾನು ಚಾಪೆ ಹಾಸಿ, ಒರೆಗಲ್ಲು ಒರೆಸಿ, “ಓಲೆಯೋ, ಸರವೋ?” ಎಂದೆ.

“ಒಡವೆ ಆಮ್ಯಾಕಾಯ್ತದೆ ಆಚಾರ್ರೇ. ನಮ್ಮ ಬದ್ನೆಗೆ ಉಳ ಬಿದ್ದದೆ. ಬೂದಿ ಊದೋ ಅವ್ವಾರ ಮನೆ ಇದೇನಾ?”

ಸಿದ್ದಮ್ಮ ಊದುಗೊಳವೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗಾಡಿ ಹತ್ತಿದಳು. ಬೂದಿಯ ಮೂಟೆ ಹೊತ್ತು ನಾನೂ ಹಿಂದೆ ಹತ್ತಿದೆ. ಅವರ ತೋಟದಲ್ಲಿ ಅವಳು ಊದುತ್ತಾ ಮುಂದೆ ಮುಂದೆ, ನಾನು ಮೂಟೆ ಎಳೆಯುತ್ತಾ ಹಿಂದೆ ಹಿಂದೆ. ಆ ಮನೆಯ ಯಜಮಾನಿ ನನ್ನ ಕಡೆ ಕಣ್ಣು ತೋರಿಸಿ, “ಇವ್ರು ಯಾರವ್ವಾ?” ಎಂದು ಮೆಲ್ಲಗೆ ಕೇಳಿದರು.

ಸಿದ್ದಮ್ಮ ಕೊಳವೆಯನ್ನು ಬಾಯಿಂದ ತೆಗೆದು ಹೆಮ್ಮೆಯಿಂದಲೇ ಹೇಳಿದಳು: “ನಮ್ಮನೆಯವ್ರು. ಒಡವೆ ಕೆಲ್ಸಾನೂ ಬತ್ತದೆ ಇವ್ರಿಗೆ.”