ನಾಲ್ವರ ಹಾಡಿಗೆ ನಾನೊಬ್ಬಳೇ

ತನ್ನ ದನಿಯನ್ನು ತಾನು ಹೊರಗಿನಿಂದ ಕೇಳಬಾರದು. ಮುಖದ ವಿಷಯ ಬೇರೆ. ಕನ್ನಡಿ ದಿನಾ ಇಷ್ಟಿಷ್ಟೇ ಹೇಳುತ್ತ ಬಂದಿರುತ್ತದೆ, ನಾವೂ ಇಷ್ಟಿಷ್ಟೇ ಒಪ್ಪುತ್ತ ಬಂದಿರುತ್ತೇವೆ. ದನಿಗೆ ಕನ್ನಡಿ ಇಲ್ಲ. ಹಾಗಾಗಿ ನನ್ನ ದನಿ ಗಟ್ಟಿ, ಇಂಪು ಎಂದು ಇಡೀ ಜನ್ಮ ನಂಬಿಕೊಂಡು ಹಾಯಾಗಿದ್ದೆ. ಒಂದು ದಿನ ನಮ್ಮ ಗಜೇಂದ್ರಗಡದ ಮನೆಯ ಮಗ್ಗದ ಕೋಣೆಯಲ್ಲಿ ರೇಣುಕಾ ನನ್ನ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ ಒಂದು ಗುಂಡಿ ಒತ್ತಿದಳು. ಯಾರೋ ಮುದುಕಿ ಒಡಕು ದನಿಯಲ್ಲಿ ಸೋಬಾನದ ಪದ ಹೇಳುತ್ತಿದ್ದಳು. ಪಾಪ, ಅವಳಿಗೆ ಯಾರಾದರೂ ಒಂದು ವಾಟಿ ನೀರು ಕೊಡಬಾರದೇ ಎಂದೆ. "ಅತ್ತಿ, ಅದು ನೀವರೀ" ಅಂದಳು. ಅಂದು ನಾನು ರೊಟ್ಟಿ ಒಂದು ಕಡಿಮೆ ತಿಂದೆ.

ರೇಣುಕಾ ನನ್ನ ತಮ್ಮನ ಸೊಸೆ. ಅವಳ ಗಂಡ ಬಸ್ ಸ್ಟ್ಯಾಂಡಿನ ಹತ್ತಿರ ಸೀರೆ ಅಂಗಡಿ ಇಟ್ಟಿದ್ದಾನೆ. ನೇಯುವುದನ್ನು ಬಿಟ್ಟ ಮನೆಯವರು ಮಾರುವುದನ್ನು ಹಿಡಿಯುತ್ತಾರೆ. ಮಗ್ಗ ಹೋದ ಕೋಣೆಯಲ್ಲಿ ಈಗ ರೇಣುಕಾಳ ಕಂಪ್ಯೂಟರ್ ಕೂತಿದೆ. ರೋಣ, ನರಗುಂದದ ಕಡೆಯ ಜಾನಪದ ಹಾಡುಗಾರರು ದನಿ ಬೇರೆ, ಡೊಳ್ಳು ಬೇರೆ, ಪೇಟಿ ಬೇರೆ ಮಾಡಿ ಕಳಿಸುತ್ತಾರೆ. ಇವಳು ಅವನ್ನೆಲ್ಲ ಕೂಡಿಸಿ, ಒಬ್ಬರನ್ನು ಏರಿಸಿ ಒಬ್ಬರನ್ನು ಇಳಿಸಿ ಹಾಡು ಮಾಡುತ್ತಾಳೆ. ಅದಕ್ಕೆ ಮಿಕ್ಸಿಂಗ್ ಅನ್ನುತ್ತಾರೆ. ಕೂಡು ಕುಟುಂಬದಲ್ಲಿ ಬಾಳಿದ ಯಾವ ಹೆಂಗಸಿಗಾದರೂ ಬರುವ ಕೆಲಸ ಅದು, ಹೆಸರು ಮಾತ್ರ ಹೊಸದು. ಆಗ ಅವಳ ತಲೆಯಲ್ಲಿ ಒಂದೇ ಗುಂಗು ಹೊಕ್ಕಿತ್ತು. ಕೆಲಸಕ್ಕೆ ಹೆಡ್‌ಫೋನ್ ಸಾಕೋ, ಮಾನಿಟರ್ ಅನ್ನುವ ಸ್ಪೀಕರ್ ಡಬ್ಬಿಗಳೇ ಬೇಕೋ? ಹೆಡ್‌ಫೋನಿನಲ್ಲಿ ಚಂದ ಕೇಳಿದ್ದು ಮದುವೆ ಮನೆಯ ದೊಡ್ಡ ಡಬ್ಬಿಯಲ್ಲಿ ಹಾಳಾಗಿ ಕೇಳುತ್ತದಂತೆ. ಪರೀಕ್ಷೆ ಮಾಡಿ ನೋಡಲು ನರಗುಂದದ ಪರಿಚಯದವರ ಹತ್ತಿರ ಒಂದು ಜೋಡಿ ಮಾನಿಟರ್ ತಂದು ಮೇಜಿನ ಮೇಲೆ ಇಟ್ಟಿದ್ದಳು. ಈ ತಕರಾರಿನಲ್ಲಿ ನನ್ನನ್ನು ಯಾರೂ ಕೇಳಿರಲಿಲ್ಲ. ನಾನಾಗಿಯೇ ಹೊಕ್ಕೆ. ನನ್ನ ಗರಜು ನನಗೆ.

ನನ್ನ ಗರಜು ಇಷ್ಟು. ಯಾವಗಲ್ ಎಂಬ ಊರಿನಲ್ಲಿ ಬಸವ್ವನ ಮೊಮ್ಮಗಳ ಮದುವೆ ಇತ್ತು. ಬಸವ್ವ ನನ್ನ ಹಾಡಿನ ಜೋಡಿ. ಸೋಬಾನದ ಪದಕ್ಕೆ ನಾಲ್ವರು ಬೇಕು. ಇಬ್ಬರು ಒಂದು ನುಡಿ ಹೇಳಬೇಕು, ಅವರ ಉಸಿರು ತೀರುವ ಮೊದಲೇ ಎದುರಿನ ಇಬ್ಬರು ಅದನ್ನು ಎತ್ತಿಕೊಳ್ಳಬೇಕು. ನಾನು, ಬಸವ್ವ ಒಂದು ಕಡೆ. ಶಾಂತವ್ವ, ನೀಲವ್ವ ಎದುರಿಗೆ. ಹೆಣ್ಣು ಗಂಡನ್ನು ನಾಲ್ಕು ಮೂಲೆಗೆ ತಂಬಿಗೆ ಇಟ್ಟು ನೂಲು ಸುತ್ತಿದ ಸುರಗಿಯಲ್ಲಿ ಕೂಡಿಸಿ ನೀರು ಎರೆಯುವಾಗ ನಾವು ನಾಲ್ವರು ಹಾಡದ ಮನೆ ಈ ಸುತ್ತಿನಲ್ಲಿ ಕಡಿಮೆ. ಬಸವ್ವ ಸತ್ತಳು. ಶಾಂತವ್ವನೂ ಸತ್ತಳು. ನೀಲವ್ವ ನರಗುಂದದಲ್ಲಿ ಮಗಳ ಮನೆ ಸೇರಿದಳು, ಅಲ್ಲಿ ಕಿವಿ ಮಂದವಾಗಿ ಹಾಡು ಬಿಟ್ಟಳು. ಉಳಿದವಳು ನಾನು. ಗಂಡ ಹೋದಾಗ ಮಾತಾಡಿಸಲು ಮಂದಿ ಬಂದಿದ್ದರು. ಜೋಡಿ ಹೋದಾಗ ಹಾಗೆ ಯಾರೂ ಬರುವುದಿಲ್ಲ. ಹಾಡಲು ಕರೆಯುವುದನ್ನು ಮಾತ್ರ ನಿಲ್ಲಿಸುತ್ತಾರೆ. ಬಸವ್ವನ ಮಗ ಲಗ್ನಪತ್ರಿಕೆ ಕೊಡಲು ಬಂದಾಗ, ಸುರಗಿಗೆ ನಾನು ಹಾಡುತ್ತೇನೆ ಎಂದೆ. ಅವನು ಮರ್ಯಾದೆಯಿಂದಲೇ, "ಒಬ್ಬಾಕಿ ಏನ್ ಹಾಡ್ತಿ ಬಿಡಬೇ ಚಿಗವ್ವ, ಡಬ್ಬಿ ಹಚ್ಚಿರತೇವಲ್ಲ" ಅಂದ. ಬಸವ್ವನ ಮನೆಯ ಸುರಗಿಗೆ ನಮ್ಮ ನಾಲ್ವರ ಹಾಡು ಇಲ್ಲ ಅಂದರೆ ಏನು? ಬೇರೆ ಯಾರ ಮನೆಯಾದರೂ ಸುಮ್ಮನಿರುತ್ತಿದ್ದೆ.

ಇದನ್ನು ಕೇಳಿದ ರೇಣುಕಾ, "ಡಬ್ಬಿನ ಹಚ್ತಾರಂದ್ರ ಡಬ್ಯಾಗ ನೀವ ಹೋಗ್ರಿ ಅತ್ತಿ. ನಾಕೂ ಮಂದಿದು ನೀವ ಹಾಡ್ರಿ, ಒಬ್ರ ಮ್ಯಾಲೆ ಒಬ್ರನ್ನ ನಾ ಕೂಡಸ್ತೀನಿ" ಅಂದಳು. ಮೊದಲು ನನ್ನದು ಹಾಡಿದೆ. ಆಮೇಲೆ ಅದನ್ನೇ ಹೆಡ್‌ಫೋನಿನಲ್ಲಿ ಕೇಳುತ್ತ ಬಸವ್ವನದು, ಹಾಗೆಯೇ ಎದುರಿನವರದು. ಹಾಡುವಾಗ ಹೆಡ್‌ಫೋನೇ ಬೇಕಂತೆ, ಇಲ್ಲದಿದ್ದರೆ ಸ್ಪೀಕರಿನ ದನಿಯೂ ಮೈಕಿನಲ್ಲಿ ಸೇರುತ್ತದೆ. ಇರಲಿ. ಆದರೆ ನಾಲ್ವರೂ ನನ್ನಂತೆಯೇ ನೆಟ್ಟಗೆ ಹಾಡಿದರೆ ಅದು ಸೋಬಾನವಲ್ಲ, ಸಾಲಿಯ ಪ್ರಾರ್ಥನೆ. ಬಸವ್ವ ಯಾವಾಗಲೂ ನನಗಿಂತ ಮುಂದೆ ಓಡುತ್ತಿದ್ದಳು, ಹಿಂದೆ ಹೋರಿ ಬೆನ್ನಟ್ಟಿದಂತೆ. ಶಾಂತವ್ವನಿಗೆ ನುಡಿ ಮರೆಯುತ್ತಿತ್ತು; ಮರೆತಲ್ಲಿ ಕೆಮ್ಮುತ್ತಿದ್ದಳು. ನೀಲವ್ವ ಮೂಗಿನಿಂದ ಎಳೆಯುತ್ತಿದ್ದಳು, ಎಲ್ಲರೂ ಮುಗಿಸಿದ ಮೇಲೂ ಅವಳದು ಒಂದು ಬಾಲ ಉಳಿಯುತ್ತಿತ್ತು. ಕೂಡಿ ಹಾಡುತ್ತಿದ್ದಾಗ ಇದಕ್ಕೆಲ್ಲ ಅವರನ್ನು ಎಷ್ಟು ಬೈದಿದ್ದೇನೋ, ಈಗ ಅಷ್ಟನ್ನೂ ಬಿಡದೆ ನಾನೇ ಮಾಡಿದೆ. ಕೆಮ್ಮು ಅಂತೂ ಬಹಳ ಚಲೋ ಬಂತು.

ರೇಣುಕಾ ಹೆಡ್‌ಫೋನ್ ಹಾಕಿಕೊಂಡು ಕೂತಳು. ಹೆಡ್‌ಫೋನಿನ ಗುಣ ನಮ್ಮ ಕೆಲವು ಬೀಗರ ಗುಣ. ಹೋಳಿಗೆ ಊಟ ಮಾಡುತ್ತಲೇ ಹಿಟ್ಟಿನಲ್ಲಿ ಬಂದ ಕೂದಲನ್ನಷ್ಟೇ ಹುಡುಕುತ್ತದೆ. ಹಾಡೆಲ್ಲ ಅದಕ್ಕೆ ಬೇಡ, ಐಬು ಬೇಕು. ನಾನು ಜೋಳ ಹಸನು ಮಾಡಿ ಬರುವಷ್ಟರಲ್ಲಿ ಈ ಹುಡುಗಿ ಎಲ್ಲ ಸರಿ ಮಾಡಿಟ್ಟಿದ್ದಳು. ಮುಂದೆ ಓಡಿದವಳನ್ನು ಹಿಂದಕ್ಕೆ ಜಗ್ಗಿ, ಹಿಂದೆ ಉಳಿದವಳ ಬಾಲ ಕತ್ತರಿಸಿ, "ಇಲ್ಲೊಂದ ಕೆಮ್ಮಿತ್ರಿ, ತಗದ ಒಗದೀನಿ" ಅಂದಳು.

"ಅದು ನನ್ನ ಕೆಮ್ಮಲ್ಲವ್ವಾ, ಶಾಂತವ್ವಂದು. ಆಕಿನ್ನ ಕೇಳಿ ತಗದೇನ?"

ರೇಣುಕಾ ನನ್ನ ಮುಖ ನೋಡಿದಳು. ಆಮೇಲೆ ಏನೋ ಒತ್ತಿ ಕೆಮ್ಮನ್ನು, ಅದರ ಹಿಂದೆಯೇ ಓಟವನ್ನೂ ಬಾಲವನ್ನೂ ವಾಪಸು ತಂದಳು. ಅದೊಂದು ಆ ಯಂತ್ರದಲ್ಲಿ ಚಲೋ ಇದೆ, ತೆಗೆದಿದ್ದನ್ನು ವಾಪಸು ತರಲು ಬರುತ್ತದೆ. ಆದರೂ ಹೆಡ್‌ಫೋನಿನಲ್ಲಿ ಅವಳಿಗೆ ಅದು ಕೆಮ್ಮೇ, ಓಟವೇ, ಬಾಲವೇ. ನನಗೂ ಒಮ್ಮೆ ಹಾಕಿ ತೋರಿಸಿದಳು. ಎಡಗಿವಿಯಲ್ಲಿ ಒಂದು ಜೋಡಿ, ಬಲಗಿವಿಯಲ್ಲಿ ಒಂದು ಜೋಡಿ, ನಡುವೆ ನಾನು. ಹಾಡಿನಲ್ಲಿ ನಾನು ಯಾವತ್ತೂ ನಡುವೆ ಕೂತವಳಲ್ಲ. ನಡುವೆ ಕೂಡುವುದು ಮದುಮಗಳು. ತಲೆಬುರುಡೆಯೊಳಗೆ ಇಷ್ಟು ಮಂದಿ ಸೇರಿ ನನಗೇ ಎರೆಯುತ್ತಿರುವಂತಾಗಿ ಲಗೂನೇ ಕಿತ್ತು ಕೊಟ್ಟೆ.

ಇನ್ನು ಮಾನಿಟರ್. ಅದರದ್ದು ಬೇರೆ ರಗಳೆ. ಕೋಣೆಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದ ಹಳೆಯ ಮಗ್ಗದ ಕುಣಿ ಹಾಗೇ ಇದೆ, ಮೇಲೆ ಹಲಗೆ ಹಾಸಿದೆ. ಡಬ್ಬಿ ಹಚ್ಚಿದರೆ ದಪ್ಪ ದನಿಯೆಲ್ಲ ಆ ಕುಣಿಯಲ್ಲಿ ಹೊಕ್ಕು ಗುಂ ಎನ್ನುತ್ತಿತ್ತು. ನಾವು ನಾಲ್ವರೂ ಗಂಡಸರಾಗಿ ಮೀಸೆ ಬಂದಂತೆ ಕೇಳಿಸಿತು. ಕುಣಿಯಲ್ಲಿ ಜೋಳದ ಚೀಲ ತುಂಬು ಎಂದು ನಾನು ಬುದ್ಧಿ ಹೇಳಿದೆ. ತುಂಬಿದ ಮೇಲೆ ಗುಂ ಕಡಿಮೆಯಾಯಿತು, ಇಲಿ ಬಂದವು. ದನಿ ಗೋಡೆಗೆ ಬಡಿದು ತಿರುಗಿ ಬರಬಾರದೆಂದು ಅವಳು ನಾನು ಹೊಲಿದ ಕೌದಿಗಳನ್ನು ಗೋಡೆಗೆ ತೂಗುಹಾಕಿದಳು. ಗೋಡೆ ಬೆಚ್ಚಗಿತ್ತು, ನಾನು ಶಾಲು ಹೊದ್ದು ಮಲಗಿದೆ.

ಒಂದು ಸಂಜೆ ರೇಣುಕಾ ಹಿಟ್ಟು ಬೀಸಿಸಲು ಗಿರಣಿಗೆ ಹೋಗಿದ್ದಳು. ಅವಳು ತೋರಿಸಿದ ಗುಂಡಿಯನ್ನು ನಾನೇ ಒತ್ತಿದೆ. ಒಂದು ಡಬ್ಬಿಯಿಂದ ನಾನು, ಬಸವ್ವ. ಎದುರಿನ ಡಬ್ಬಿಯಿಂದ ಅವರಿಬ್ಬರು. ಐಬುಗಳು ಕೋಣೆಯ ಗಾಳಿಯಲ್ಲಿ ಕಲೆತು ಐಬಾಗಿ ಉಳಿಯಲೇ ಇಲ್ಲ. ಓಟ, ಕೆಮ್ಮು, ಬಾಲ ಎಲ್ಲ ಕೂಡಿ ಹಾಡಾಗಿತ್ತು. ನಾನು ಎದ್ದು ನಮ್ಮ ಕಡೆಯ ಡಬ್ಬಿಯ ಪಕ್ಕ ಹೋಗಿ ಕೂತೆ. ಅದೇ ಹೊತ್ತಿಗೆ ಪಡಸಾಲಿಯಲ್ಲಿ ಹಿಟ್ಟಿನ ಡಬ್ಬಿ ಇಳಿಸಿದ ಸದ್ದು, ರೇಣುಕಾಳ ದನಿ: "ಯಾರ ಬಂದಾರ್ರಿ ಅತ್ತಿ? ಚಾ ಎಷ್ಟ ಇಡ್ಲಿ?"

ನಾಲ್ಕು ಇಡು ಎಂದೆ. ಒಳಗೆ ಬಂದು ನೋಡಿ, ನಕ್ಕು, ಎರಡು ಇಟ್ಟಳು. ಆದರೆ ಮಾನಿಟರ್ ಗೆದ್ದದ್ದು ಅಲ್ಲಿಯೇ. ತಾನೇ ಕೂಡಿಸಿದ ಹಾಡಿಗೆ ತಾನೇ ಮೋಸ ಹೋದೆನಲ್ಲ, ಇನ್ನೇನು ಪರೀಕ್ಷೆ ಬೇಕು ಎಂದು ಮಾನಿಟರ್ ಮೇಲೆ ಕೇಳಿಯೇ ಮಿಕ್ಸಿಂಗ್ ಮುಗಿಸಿದಳು. ಹೆಡ್‌ಫೋನ್ ಗೂಟಕ್ಕೆ ಬಿತ್ತು.

ಯಾವಗಲ್ಲಿನಲ್ಲಿ ಸುರಗಿಗೆ ಅದನ್ನೇ ಹಚ್ಚಿದರು. ಬಸವ್ವನ ಮಗ ಎರೆಯುವ ಕಡೆ ಬಂದು, ಅವ್ವನ ಓಟ ಕೇಳಿ ಅಲ್ಲಿಯೇ ನಿಂತ. ನೀಲವ್ವನನ್ನೂ ಮಗಳು ಕರೆತಂದು ದೊಡ್ಡ ಡಬ್ಬಿಯ ಮಗ್ಗಲಿಗೇ ಕೂಡಿಸಿದ್ದಳು. ಹಾಡು ಮುಗಿದ ಮೇಲೆ ನೀಲವ್ವ ಎಲ್ಲರಿಗೂ ಕೇಳುವಂತೆ, "ನನ್ನ ದನಿ ಏನೂ ಕೆಟ್ಟಿಲ್ಲ ನೋಡ್ರಿ" ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ಮೂರೂ ಮಂದಿದು ಚಲೋ ಬಂದೈತಿ. ನಿಂದ ಒಂದ ಒಡದೈತಿ ನೋಡು" ಅಂದಳು. ಹೌದಬೇ, ವಯಸ್ಸಾತು ಎಂದೆ. ಅದು ಅವಳಿಗೆ ಕೇಳಿಸಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ ಚಿಕ್ಕನರಗುಂದದ ಒಂದು ಮದುವೆ ಮನೆಯಿಂದ ರೇಣುಕಾಳಿಗೆ ಫೋನು. ಯಾವಗಲ್ಲಿನಲ್ಲಿ ಕೇಳಿದ ಆ ನಾಲ್ಕು ಹೆಂಗಸರು ತಮ್ಮ ಮನೆಗೂ ಬರಬೇಕು, ನಾಲ್ವರಿಗೂ ಸೇರಿ ಒಂದು ಗಾಡಿ ಕಳಿಸುತ್ತೇವೆ ಎಂದರು. ನಾನು ಅಷ್ಟರಲ್ಲಿ ಟ್ರಂಕಿನಿಂದ ಸೀರೆ ತೆಗೆದಿದ್ದೆ. ರೇಣುಕಾ ಸುಳ್ಳು ಹೇಳುವ ಹುಡುಗಿಯಲ್ಲ. ಅದು ಒಬ್ಬರೇ ನಮ್ಮ ಅತ್ತಿ ಹಾಡಿದ್ದು, ಬಂದರೆ ಅವರೊಬ್ಬರೇ ಬರುತ್ತಾರೆ ಎಂದಳು. ಆ ಕಡೆಯವರು, ಹಾಗಾದರೆ ಆ ವಯಸ್ಸಿನಲ್ಲಿ ಅವರಿಗೆ ಯಾಕೆ ತ್ರಾಸು, ಹಾಡನ್ನೇ ಫೋನಿಗೆ ಕಳಿಸಿರಿ ಎಂದರು. ಕಳಿಸಿದಳು. ಅವರು ಇನ್ನೊಬ್ಬರಿಗೆ ಕಳಿಸಿದರು. ಈಗ ಈ ಸುತ್ತಿನ ಮದುವೆಗಳಿಗೆಲ್ಲ ನಾನು ನಾಲ್ವರಾಗಿ ಹೋಗಿ ಹಾಡಿ ಬರುತ್ತಿದ್ದೇನಂತೆ. ಮೊದಲು ಒಬ್ಬಳು ಎಂದು ಕರೆಯುತ್ತಿರಲಿಲ್ಲ, ಈಗ ಕರೆಯುವ ಅಗತ್ಯವೇ ಇಲ್ಲ. ಅಷ್ಟು ಮನೆಗಳಲ್ಲಿ ಕೆಮ್ಮಿದ ಶಾಂತವ್ವನೇ ನಮ್ಮಲ್ಲಿ ಹೆಚ್ಚು ಹೆಸರು ಮಾಡಿದ್ದಾಳೆ. ಹಾಡಿದ ಮದುವೆ ಮನೆಯವರಿಂದ ಉಂಡೆಯಾ ಎಂದು ಕೇಳಿಸಿಕೊಳ್ಳದೆ ನಮ್ಮ ಮನೆಯಲ್ಲೇ ಕೂತು ರೊಟ್ಟಿ ಮುರಿಯುವ ಪಾಳಿ ಮಾತ್ರ ನಾಲ್ವರಲ್ಲಿ ನನ್ನೊಬ್ಬಳದು.