ಮುಂದಿನ ಇಪ್ಪತ್ತು ವರ್ಷದ ರಸ್ತೆಗಳು

ರಸ್ತೆ ಎಲ್ಲಿ ಬೇಕು ಅಂತ ಜನರನ್ನು ಕೇಳಲು ಹೋದರೆ, ರಸ್ತೆಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೇಳುತ್ತಾರೆ. ಎರಡನೇ ಮಹಾಯುದ್ಧ ಮುಗಿದ ಹೊಸದರಲ್ಲಿ ನನಗೆ ಅದೇ ಕೆಲಸವಾಗಿತ್ತು. ಮುಂದಿನ ಇಪ್ಪತ್ತು ವರ್ಷದಲ್ಲಿ ಎಲ್ಲೆಲ್ಲಿ ರಸ್ತೆ ಹಾಕಬೇಕು, ಎಲ್ಲಿಗೆ ಬಸ್ಸು ಬಿಡಬೇಕು ಅಂತ ಸರ್ಕಾರ ಯೋಚಿಸುತ್ತಿತ್ತು. ಇಂಜಿನಿಯರ್ ಸಾಹೇಬರು ಊರೂರಿಗೆ ಹೋಗಿ ಕೇಳುವುದು, ಗುಮಾಸ್ತನಾದ ನಾನು ಪಕ್ಕದಲ್ಲಿ ಕೂತು ಬರೆದುಕೊಳ್ಳುವುದು.

ಜಟಕಾ ಸವಾರಿ

ಹೊಸಕೋಟೆಯಿಂದ ಅನುಗೊಂಡನಹಳ್ಳಿಗೆ ಜಟಕಾದಲ್ಲಿ ಹೊರಟೆವು. ಸಾಹೇಬರು ಒಳ್ಳೆಯ ಮನುಷ್ಯರು, ಆದರೆ ಬಸ್ಸಿನ ಮಾತು ಶುರುವಾದರೆ ನಿಲ್ಲಿಸುತ್ತಿರಲಿಲ್ಲ. ಇನ್ನು ಹತ್ತು ವರ್ಷಕ್ಕೆ ಈ ದಾರಿಯಲ್ಲಿ ಒಂದು ಜಟಕಾನೂ ಇರೋದಿಲ್ಲ ಅಂತ ದಾರಿಯುದ್ದಕ್ಕೂ ನನಗೆ ವಿವರಿಸಿದರು. ಗಾಡಿ ಹೊಡೆಯುತ್ತಿದ್ದ ವಯಸ್ಸಾದ ಸಾಬರು ಒಮ್ಮೆಯೂ ತಿರುಗಿ ನೋಡಲಿಲ್ಲ. ಸಭೆ ಮುಗಿಸಿ ವಾಪಸ್ ಹತ್ತುವಾಗ ಮೆಲ್ಲಗೆ ಹೇಳಿದರು:

"ಸಾಬ್, ಹೋಗೋವಾಗ ಆ ಬಸ್ಸಿನ ಮಾತು ಬೇಡ. ಕುದುರೆಗೆ ಕೇಳಿಸ್ತದೆ."

ಸಾಹೇಬರು ನಕ್ಕರು. ಸಾಬರು ನಗಲಿಲ್ಲ. ಆಮೇಲೆ ಹೊಸಕೋಟೆಯವರೆಗೂ ಸಾಹೇಬರು ಬಾಯಿ ಬಿಡಲಿಲ್ಲ. ಕುದುರೆ ಮಾತ್ರ ಕಾಲೆಳೆದುಕೊಂಡೇ ನಡೆಯಿತು. ಬರುವಾಗಲೇ ಎಲ್ಲ ಕೇಳಿಸಿಕೊಂಡುಬಿಟ್ಟಿತ್ತು ಅಂತ ಕಾಣುತ್ತೆ.

ಸಾಗಿಸುವ ಸರಕು

ನಮ್ಮ ನಮೂನೆಯಲ್ಲಿ 'ಸಾಗಿಸುವ ಸರಕು' ಅಂತ ಒಂದು ಕಲಂ; ಕಾಳಾದರೆ ಎಷ್ಟು ಪಲ್ಲ ಅಂತ ಅಳತೆಯನ್ನೂ ಬರೆಯಬೇಕು. ತೂಬಗೆರೆಯಲ್ಲಿ ಸಾಹೇಬರು ಅದನ್ನು ಕೇಳಿದಾಗ ಗಂಡಸರು ರಾಗಿ ಅಂದರು, ಹುರುಳಿ ಅಂದರು. ಹಿಂದೆ ನಿಂತಿದ್ದ ಒಬ್ಬ ಹೆಂಗಸು, "ಬಸುರೀರು" ಅಂದಳು.

ಎಲ್ಲರೂ ಗೊಳ್ಳೆಂದು ನಕ್ಕರು. ಅವಳು ನಗು ಮುಗಿಯುವವರೆಗೆ ಕಾದಳು. ಆಮೇಲೆ ಹೇಳಿದಳು: ಹೋದ ವರ್ಷ ಮಗಳಿಗೆ ಹೆರಿಗೆ ಕಷ್ಟವಾಗಿ, ದೊಡ್ಡಬಳ್ಳಾಪುರದ ಆಸ್ಪತ್ರೆಗೆ ಅಂತ ಎತ್ತಿನ ಗಾಡಿ ಕಟ್ಟಿದ್ದರು. ಅರ್ಧ ದಾರಿಯಲ್ಲೇ ಗಾಡಿ ತಿರುಗಿಸಬೇಕಾಯಿತು. ಆಮೇಲೆ ಅವಸರವೇನೂ ಇರಲಿಲ್ಲ.

ಸಾಹೇಬರು ನನ್ನ ಕಡೆ ನೋಡಿ, ಬರ್ಕೊಳ್ಳಿ ಅಂದರು. ಬೇರೆ ಕಲಂ ಇರಲಿಲ್ಲ. ಅಲ್ಲೇ ಬರೆದೆ: ರಾಗಿ, ಹುರುಳಿ, ಗರ್ಭಿಣಿಯರು.

ತಿಂಗಳೊಳಗೆ ಮೇಲಿನ ಕಚೇರಿಯಿಂದ ಕಾಗದ ವಾಪಸ್ ಬಂತು. ಕೆಂಪು ಶಾಯಿಯಲ್ಲಿ ಒಂದೇ ಸಾಲು: "ಮೂರನೆಯದು ವರ್ಷಕ್ಕೆ ಎಷ್ಟು ಪಲ್ಲ, ತಿಳಿಸುವುದು."

ಬಸ್ಸು ನಿಲ್ಲುವ ಜಾಗ

ಕುಂದಾಣದಲ್ಲಿ ಬಸ್ಸು ಎಲ್ಲಿ ನಿಲ್ಲಬೇಕು ಅಂತ ಜಗಳವೇ ಆಯಿತು. ಒಬ್ಬರು ಬಾವಿ ಹತ್ತಿರ, ಒಬ್ಬರು ಚಾವಡಿ ಮುಂದೆ. ಊರಿಗೆಲ್ಲ ಹಿರಿಯರಾದ ಒಬ್ಬ ಯಜಮಾನರು ಮಾತ್ರ, ಸ್ಮಶಾನದ ಪಕ್ಕ ನಿಲ್ಲಿಸಿ ಅಂತ ಹಟ ಹಿಡಿದರು. ಹುಡುಗಾಟ ಅಂದುಕೊಂಡು ಜನ ನಕ್ಕರು. ಅಲ್ಲಿ ಹತ್ತೋರು ಯಾರು, ಇಳಿಯೋರು ಯಾರು ಅಂತ ಸಾಹೇಬರೂ ನಗುತ್ತಲೇ ಕೇಳಿದರು.

"ನನ್ ಮಗ ಇಳೀತಾನೆ ಸ್ವಾಮಿ," ಅಂದರು ಯಜಮಾನರು.

ಮಗ ದಂಡಿಗೆ ಸೇರಿ ಬರ್ಮಾ ಕಡೆ ಹೋದವನು. ಸುತ್ತಲ ಹಳ್ಳಿಗಳಿಂದ ದಂಡಿಗೆ ಹೋದವರು ವಾಪಸ್ ಬಂದು ವರ್ಷವಾಗಿತ್ತು. ಇವನದು ಕಾಗದವಿಲ್ಲ, ಸತ್ತ ಅಂತ ತಂತಿಯೂ ಇಲ್ಲ. ಬಸ್ಸು ಬರೋ ಹೊತ್ತಿಗೆ ತಾವು ಇರೋದು ಆ ಸ್ಮಶಾನದಲ್ಲೇ, ಮಗ ಇಳಿದ ಕೂಡಲೇ ಅಪ್ಪನನ್ನ ಹುಡುಕಿಕೊಂಡು ಅಲೆಯೋದು ಬೇಡ ಅಂತ ಅವರ ಲೆಕ್ಕಾಚಾರ.

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ಅಷ್ಟು ದಿನ ಯಾಕಾಗುತ್ತೆ ಯಜಮಾನರೇ, ಬೇಗ ಬರ್ತಾನೆ ಬಿಡಿ ಅಂತ ಸಮಾಧಾನ ಹೇಳಿದರು.

"ಬೇಗ ಬಂದ್ರೆ ಮನೇಗೇ ಬರ್ತಾನಲ್ಲ ಸ್ವಾಮಿ. ತಡ ಆದ್ರೆ ಇರ್ಲಿ ಅಂತ ಬರೆಸ್ತಿದೀನಿ."