ಗತ ಗೋಲುಗಳ ಮರುಪರಿಶೀಲನೆ

ನಮ್ಮ ನಗರದ ಫುಟ್‌ಬಾಲ್ ಕ್ಲಬ್ಬು ತನ್ನ ನೂರು ವರ್ಷಗಳ ಇತಿಹಾಸದಲ್ಲಿ ಒಂದೇ ಒಂದು ಪಂದ್ಯವನ್ನೂ ಸೋತಿಲ್ಲ. ಈ ಸಂಗತಿಯು ಕಳೆದ ಮಾರ್ಚ್ ಹದಿನಾಲ್ಕನೇ ತಾರೀಕಿನಿಂದ ಪೂರ್ವಾನ್ವಯವಾಗುವಂತೆ ಜಾರಿಯಲ್ಲಿದೆ.

ಅದಕ್ಕೆ ಮುಂಚೆ ಕ್ಲಬ್ಬು ಏಳುನೂರ ಎರಡು ಪಂದ್ಯಗಳನ್ನು ಸೋತಿತ್ತು. ಈ ಲೆಕ್ಕ ಪಕ್ಕಾ ಗೊತ್ತಿದ್ದವನು ಒಬ್ಬನೇ, ಕ್ಲಬ್ಬಿನ ಗುಮಾಸ್ತ. ಗ್ಯಾಲರಿಯ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಅವನ ಆಫೀಸು. ಚಾವಣಿ ಇಳಿಜಾರಾಗಿದ್ದರಿಂದ ಇಪ್ಪತ್ತಾರು ವರ್ಷಗಳಿಂದ ಅವನು ತಲೆ ಬಗ್ಗಿಸಿಯೇ ಕೆಲಸ ಮಾಡಿದ್ದ. ಆಡಳಿತ ಮಂಡಳಿ ಅದನ್ನು ವಿನಯವೆಂದು ತಿಳಿದು ಎರಡು ಸಲ ಶ್ಲಾಘಿಸಿಯೂ ಇತ್ತು.

ಶತಮಾನೋತ್ಸವಕ್ಕೆಂದು ಕ್ಲಬ್ಬಿನ ಇತಿಹಾಸ ಬರೆಯುವ ಹೊಣೆ ಅವನ ಮೇಲೆ ಬಿತ್ತು. ಹಳೆಯ ನಡಾವಳಿ ಪುಸ್ತಕಗಳ ಧೂಳು ಕೊಡವಿ, ನಾಲ್ಕು ತಿಂಗಳು ಕೂತು, ಇದ್ದದ್ದನ್ನು ಇದ್ದ ಹಾಗೆ ಬರೆದು ಅಧ್ಯಕ್ಷರ ಮುಂದಿಟ್ಟ. ಸಿಮೆಂಟ್ ವ್ಯಾಪಾರಿಯಾದ ಅಧ್ಯಕ್ಷರು ಹನ್ನೊಂದು ಪುಟ ಓದಿ ಕನ್ನಡಕ ತೆಗೆದರು.

"ಏನಯ್ಯಾ ಇದು? ಯಾವ ಪುಟ ತಿರುಗಿಸಿದ್ರೂ ಸೋಲು!"

"ಆಡಿದ್ದು ಹಾಗೇ ಸಾರ್."

"ಆಡಿದ್ದು ಬೇರೆ, ಇತಿಹಾಸ ಬೇರೆ. ಸೋತವರ ಸಮಾರಂಭಕ್ಕೆ ಮಂತ್ರಿಗಳು ಬರ್ತಾರೇನಯ್ಯಾ? ತಪ್ಪಿದ್ರೆ ತಿದ್ದೋಣ. ಆದ್ರೆ ಏನೇ ಮಾಡಿದ್ರೂ ಕ್ರಮಬದ್ಧವಾಗಿ ಮಾಡೋಣ."

ಹೀಗೆ ಕ್ರಮಬದ್ಧವಾಗಿ ಹುಟ್ಟಿದ್ದೇ ಗತ ಪಂದ್ಯಗಳ ಮರುಪರಿಶೀಲನಾ ಉಪಸಮಿತಿ. ಸದಸ್ಯರು ಮೂವರು: ಅಧ್ಯಕ್ಷರ ಭಾವಮೈದುನ, ಒಬ್ಬ ವಕೀಲ, ಒಬ್ಬ ಹಲ್ಲಿನ ಡಾಕ್ಟರು. ಡಾಕ್ಟರು ಜನ್ಮದಲ್ಲಿ ಮೈದಾನಕ್ಕೆ ಕಾಲಿಟ್ಟವರಲ್ಲ; ನಿಷ್ಪಕ್ಷಪಾತಕ್ಕೆ ಅವರಿಗಿಂತ ತಕ್ಕವರು ಸಿಗಲಾರರೆಂದು ಅವರನ್ನೇ ಮುಖ್ಯಸ್ಥರನ್ನಾಗಿ ಮಾಡಲಾಯಿತು. ಮೊದಲ ಸಭೆಯಲ್ಲೇ ಅವರು ಮೂಲಭೂತ ಪ್ರಶ್ನೆಯೊಂದನ್ನು ಎತ್ತಿದರು: "ಗೋಲಾಯ್ತು ಅಂತ ಹೇಳೋರು ಯಾರು?"

"ರೆಫ್ರಿ," ಎಂದ ಗುಮಾಸ್ತ.

"ಅವರು ನಮ್ಮ ಕ್ಲಬ್ಬಿನ ಸದಸ್ಯರೋ?"

"ಅಲ್ಲ ಸಾರ್."

"ಮತ್ತೆ? ಹೊರಗಿನವನೊಬ್ಬ ಸೀಟಿ ಊದಿದ ಅಂತ ನಾವು ಒಪ್ಪಿಕೊಂಡುಬಿಟ್ವಾ, ನೂರು ವರ್ಷ?"

ವಕೀಲರು ಆ ಸಂಜೆಯೇ ನಿಯಮ ರಚಿಸಿದರು: "ಕ್ಲಬ್ಬಿನ ವಿರುದ್ಧ ಹೊಡೆಯಲಾದ ಯಾವುದೇ ಗೋಲು, ಕ್ಲಬ್ಬಿನ ಕಾರ್ಯದರ್ಶಿಯ ಮೇಲುಸಹಿ ಇಲ್ಲದಿದ್ದಲ್ಲಿ, ಹೊಡೆದ ಕ್ಷಣದಿಂದಲೇ ಅಸಿಂಧು." ಹುಡುಕಿ ನೋಡಲಾಗಿ ನೂರು ವರ್ಷಗಳಲ್ಲಿ ಯಾವ ಕಾರ್ಯದರ್ಶಿಯೂ ಒಂದು ಗೋಲಿಗೂ ಸಹಿ ಹಾಕಿರಲಿಲ್ಲ. ಆಕ್ಷೇಪಣೆಗಳಿದ್ದರೆ ಏಳು ದಿನಗಳೊಳಗೆ ಸಲ್ಲಿಸಬೇಕೆಂಬ ಪ್ರಕಟಣೆಯನ್ನು ಸಮಿತಿಯ ಬೀರುವಿನ ಬಾಗಿಲ ಒಳಬದಿಗೆ ಅಂಟಿಸಲಾಯಿತು. ಒಂದೂ ಬರಲಿಲ್ಲ. ಎಂಟನೆಯ ದಿನ ಗುಮಾಸ್ತ ಏಳುನೂರ ಎರಡು ಸೋಲುಗಳ ಮೇಲೆ ಏಳುನೂರ ಎರಡು ಗೆರೆ ಎಳೆದ. ಸುದ್ದಿ ತಿಳಿದ ಎದುರಾಳಿ ಕ್ಲಬ್ಬುಗಳು ಸಿಟ್ಟಾಗಲಿಲ್ಲ. ನಿಯಮದ ಪ್ರತಿ ಕೇಳಿ ಪತ್ರ ಬರೆದವು.

ಗೆರೆ ಎಳೆಯುವಾಗ ಗುಮಾಸ್ತನ ಕೈ ಒಂದೇ ಒಂದು ಪುಟದಲ್ಲಿ ತಡೆಯಿತು. ಮೂವತ್ತೆಂಟು ವರ್ಷದ ಹಿಂದಿನ ಫೈನಲ್ಲು. ಕ್ಲಬ್ಬು ಫೈನಲ್ ತಲುಪಿದ್ದು ಅದೊಂದೇ ಸಲ, ಸೋತದ್ದು ಒಂದೇ ಗೋಲಿನಿಂದ. ಆ ದಿನ ಗೋಲ್‌ಕೀಪರಾಗಿ ನಿಂತಿದ್ದವನು ಅವನ ಸ್ವಂತ ಅಣ್ಣ. ಅಂದಿನಿಂದ ಊರು ಅಣ್ಣನನ್ನು ಕರೆದದ್ದು ಜರಡಿ ಎಂದೇ. ಅವನು ಗಡಿಯಾರ ರಿಪೇರಿಯ ಅಂಗಡಿ ಹಾಕಿದ, ಬೋರ್ಡು ಬರೆಸಿದ, ಜನ ಬೋರ್ಡು ಓದದೆ "ಜರಡಿ ಅಂಗಡಿ ಎಲ್ಲಿ?" ಎಂದೇ ಕೇಳಿಕೊಂಡು ಬಂದರು. ಹೆಣ್ಣು ನೋಡಲು ಹೋದ ಮನೆಯಲ್ಲೂ ಹುಡುಗಿಯ ಅಪ್ಪ ಮೊದಲು ಕೇಳಿದ್ದು ಆ ಗೋಲಿನ ಬಗ್ಗೆ. ಅಣ್ಣ ಒಂಟಿಯಾಗಿಯೇ ಉಳಿದ.

ಗುಮಾಸ್ತ ಆ ಪುಟಕ್ಕೆ ಎರಡು ಗೆರೆ ಎಳೆದು, ಪ್ರಮಾಣಪತ್ರ ಟೈಪು ಮಾಡಿ, ಓಡುನಡಿಗೆಯಲ್ಲಿ ಅಂಗಡಿಗೆ ಹೋದ.

"ಅಣ್ಣಾ, ಆ ಗೋಲು ಹೋಯ್ತು!"

ಅಣ್ಣ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆಯಲಿಲ್ಲ. "ಎಲ್ಲಿಗೆ ಹೋಯ್ತು?"

"ರದ್ದಾಯ್ತು. ನೀನು ಗೋಲು ಬಿಟ್ಟೇ ಇಲ್ಲ. ನೋಡು, ಮೊಹರು ಹಾಕಿದಾರೆ."

ಅಣ್ಣ ಕಾಗದವನ್ನು ಎರಡು ಸಲ ಓದಿದ. ಮುಖ ಸಣ್ಣದಾಯಿತು. "ಯಾರನ್ನ ಕೇಳಿ ತೆಗೆದ್ರಿ?"

"ನಿನಗೆ ಒಳ್ಳೇದಾಗ್ಲಿ ಅಂತ..."

"ಒಳ್ಳೇದು! ಮೂವತ್ತು ಗಜದಿಂದ ಹೊಡೆದ ಕಣೋ, ಎದುರು ತಂಡದ ಆ ಬಡಗಿ. ಎಡಗಾಲಲ್ಲಿ. ಚೆಂಡು ಆಚೆ ಹೋಗುತ್ತೆ ಅಂತ ನಾನೂ ಬಿಟ್ಟೆ, ಎಲ್ಲರೂ ಬಿಟ್ಟರು. ಅದು ಏನನ್ನೋ ಮರೆತು ಬಂದವರ ಹಾಗೆ ಗಾಳೀಲೇ ತಿರುಗಿ ಒಳಗೆ ಬಂತು. ಅಷ್ಟು ಚಂದದ ಗೋಲನ್ನ ನನ್ನಷ್ಟು ಹತ್ತಿರದಿಂದ ನೋಡಿದವರು ಯಾರೂ ಇಲ್ಲ. ಜೀವಮಾನ ಪೂರ್ತಿ ಅದಕ್ಕೆ ಬೈಸಿಕೊಂಡಿದೀನಿ. ಈಗ ಆಗ್ಲೇ ಇಲ್ಲ ಅಂದ್ರೆ, ಬೈಸಿಕೊಂಡಿದ್ದು ಯಾತಕ್ಕೆ?"

ಮರುದಿನ ಅಣ್ಣ ಗೋಲು ಮರುಸ್ಥಾಪನೆ ಕೋರಿ ಅರ್ಜಿ ಹಾಕಿದ. ಅದನ್ನು ಸ್ವೀಕರಿಸಿ ರಸೀದಿ ಕೊಟ್ಟವನು ತಮ್ಮನೇ. ವಿಚಾರಣೆ ಗುಮಾಸ್ತನ ಆಫೀಸಿನಲ್ಲೇ ಇತ್ತು; ಆ ದಿನ ಅಣ್ಣ ಸಾಕ್ಷಿಯನ್ನೂ ಕರೆತಂದ: ಅದೇ ಬಡಗಿ, ಈಗ ಕೋಲೂರಿ ನಡೆಯುವ ಮುದುಕ. ಇಬ್ಬರೂ ಹೊರಗಿನ ಬೆಂಚಿನ ಮೇಲೆ ಒತ್ತಿಕೊಂಡು ಕೂತು, ಸರದಿಗಾಗಿ ಮೂರು ಗಂಟೆ ಕಾದರು.

"ಹೊಡೆದದ್ದು ನಾನೇ ಸ್ವಾಮಿ," ಎಂದ ಬಡಗಿ.

"ನೀವು ಹೊಡೆದದ್ದನ್ನ ಸಮಿತಿ ಅಲ್ಲಗಳೆಯೋದಿಲ್ಲ," ಎಂದರು ವಕೀಲರು. "ಆದ್ರೆ ಒಳಗೆ ಹೋಗಿಲ್ಲ."

"ಒಳಗೆ ಹೋಯ್ತು, ನಾನು ಹಿಂತಿರುಗಿ ನೋಡ್ದೆ," ಎಂದ ಅಣ್ಣ.

"ಹಾಗಾದ್ರೆ ಸಹಿ ತೋರಿಸಿ."

"ಸ್ವಾಮಿ, ಒಳಗೆ ಹೋಗಿಲ್ಲ ಅಂತೀರಿ, ಹೊರಗೆ ಹೋದದ್ದನ್ನ ಯಾರೂ ನೋಡಿಲ್ಲ; ಹಾಗಾದ್ರೆ ಚೆಂಡು ಎಲ್ಲಿದೆ?" ಎಂದ ಬಡಗಿ.

ಸಮಿತಿ ಒಳಕೋಣೆಗೆ ಹೋಗಿ ಚಹಾ ಕುಡಿದು ಬಂತು. ಹಲ್ಲಿನ ಡಾಕ್ಟರು ಆದೇಶ ಹೇಳಿದರು, ಗುಮಾಸ್ತ ಟೈಪು ಮಾಡಿದ: "ಅರ್ಜಿ ವಜಾ. ಸದರಿ ಚೆಂಡು ಮುಂದಿನ ಆದೇಶದವರೆಗೆ ಗಾಳಿಯಲ್ಲಿಯೇ ಇರತಕ್ಕದ್ದು."

'ಗಾಳಿ' ಎಂದು ಕುಟ್ಟುವಾಗ ಗುಮಾಸ್ತನಿಗೆ ಎದ್ದು ನಿಂತು ಏನಾದರೂ ಹೇಳಬೇಕೆನಿಸಿತು. ಎದ್ದರೆ ತಲೆ ಚಾವಣಿಗೆ ಬಡಿಯುತ್ತಿತ್ತು. ಕೂತೇ ಪ್ರತಿಯನ್ನು ಚಾಚಿದ. ಅಣ್ಣ ಅದನ್ನು ಬೆಳಕಿಗೆ ಹಿಡಿದು ನೋಡಿ, "ಒಂದೂ ತಪ್ಪಿಲ್ಲ. ಚೆನ್ನಾಗಿ ಟೈಪು ಮಾಡ್ತೀಯ," ಎಂದಷ್ಟೇ ಹೇಳಿ ಬಡಗಿಯ ತೋಳು ಹಿಡಿದು ಹೊರಟುಹೋದ.

ಶತಮಾನೋತ್ಸವ ವಿಜೃಂಭಣೆಯಿಂದ ಜರುಗಿತು. ಮಂತ್ರಿಗಳು ಕ್ಲಬ್ಬಿನ ಅಜೇಯ ಪರಂಪರೆಯನ್ನು ಕೊಂಡಾಡಿ, ಅದಕ್ಕೆ ಧಕ್ಕೆ ಬಾರದಂತೆ ನೋಡಿಕೊಳ್ಳಬೇಕೆಂದು ಕರೆ ಕೊಟ್ಟರು. ಮುಂದಿನ ಭಾನುವಾರ ತಂಡ ಆರು ಗೋಲುಗಳಿಂದ ಸೋತಿತು. ಮಂತ್ರಿಗಳ ಮಾತು ತಳ್ಳಿಹಾಕುವಂತಿರಲಿಲ್ಲ. ಸೋಮವಾರ ಸಮಿತಿ ಸೇರಿ ಪಂದ್ಯವನ್ನು ನಾಲ್ಕು-ಸೊನ್ನೆಯಿಂದ ಗೆದ್ದಿತು. ಅಂದಿನಿಂದ ಅದೇ ಪದ್ಧತಿಯಾಯಿತು.

ಮೊದಮೊದಲು ಹತ್ತಾರು ಮಂದಿ ಆಫೀಸಿನ ಕಿಟಕಿಯ ಬಳಿ ನಿಂತು ಫಲಿತಾಂಶ ಕೇಳಿಸಿಕೊಂಡು ಹೋಗುತ್ತಿದ್ದರು. ಆಮೇಲೆ ನೂರಾರು. ಗ್ಯಾಲರಿಯ ಬೆಂಚುಗಳನ್ನು ಕಿತ್ತು ಕಿಟಕಿಯ ಮುಂದೆ ಹಾಕಲಾಯಿತು, ಧ್ವನಿವರ್ಧಕ ಬಂತು, ಕಡಲೆಕಾಯಿ ಮಾರುವವನೂ ಬಂದ. ಭಾನುವಾರ ಮೈದಾನದಲ್ಲಿ ಇಪ್ಪತ್ತೆರಡು ಜನ ಯಾರಿಗೂ ಬೇಡದೆ ಓಡಾಡುತ್ತಿದ್ದರು. ಆಟಗಾರರೂ ಸೋಮವಾರ ಸ್ನಾನ ಮಾಡಿ, ಒಳ್ಳೆಯ ಬಟ್ಟೆ ತೊಟ್ಟು, ತಾವು ಎಷ್ಟು ಗೋಲು ಹೊಡೆದೆವೆಂದು ತಿಳಿಯಲು ಕಿಟಕಿಗೆ ಬರುತ್ತಿದ್ದರು.

ಭಾನುವಾರ ತಪ್ಪದೆ ಮೈದಾನಕ್ಕೆ ಹೋಗುತ್ತಿದ್ದವರು ಅಣ್ಣ, ಬಡಗಿ ಇಬ್ಬರೇ. ಕಾಂಪೌಂಡು ಗೋಡೆಯ ಮೇಲೆ ಕೂತು, ಎದುರಾಳಿಯ ಒಳ್ಳೆಯ ಗೋಲಿಗೂ ಚಪ್ಪಾಳೆ ತಟ್ಟಿ ಬರುತ್ತಿದ್ದರು. ಚಳಿಗಾಲದಲ್ಲಿ ಬಡಗಿ ತೀರಿಕೊಂಡ. ಆಮೇಲೆ ಅಣ್ಣನೊಬ್ಬನೇ.

ಒಂದು ಸೋಮವಾರ ಡಾಕ್ಟರು ಕಿಟಕಿಯಲ್ಲಿ ನಿಂತು, "ನಮ್ಮ ಕ್ಲಬ್ಬು ಐದು, ಎದುರಾಳಿ ಸೊನ್ನೆ!" ಎಂದು ಓದಿದರು. ಜನ ಬೆಂಚಿನ ಮೇಲೆ ಹತ್ತಿ ಕುಣಿದರು. ಗುಮಾಸ್ತ ಬಗ್ಗಿ ಹೊರಗೆ ನೋಡಿದರೆ, ನಡುಮಧ್ಯೆ ಅಣ್ಣ, ಎರಡೂ ಕೈ ಮೇಲೆತ್ತಿ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದ.

ಗುಮಾಸ್ತ ಗುಂಪಿನೊಳಗೆ ನುಗ್ಗಿ ಅವನ ಹತ್ತಿರ ಬಂದ. "ಅಣ್ಣಾ, ನಿನ್ನೆ ನೀನು ಮೈದಾನದಲ್ಲಿದ್ಯಲ್ಲ? ಏಳು ಗೋಲು ತಿಂದದ್ದು ನೋಡಿದ್ಯಲ್ಲ?"

"ನೋಡ್ದೆ," ಎಂದ ಅಣ್ಣ, ಏದುಸಿರು ಬಿಡುತ್ತ. ಪಕ್ಕದವನು ಸರಿದು ಬೆಂಚಿನಲ್ಲಿ ಅವನಿಗೆ ಜಾಗ ಮಾಡಿಕೊಟ್ಟ. "ಆದ್ರೆ ಅಲ್ಲಿ ಒಬ್ಬನೇ ಕೂತುಕೊಂಡು ಎಷ್ಟು ದಿನ ಅಂತ ಸೋಲೋದು ಕಣೋ?"